ಹರಕೆ ಅವ್ವನದು, ಗುಳಿಗೆ ತಪ್ಪಿದ್ದು ಮಗನಿಗೆ

ಪತ್ರ ಬಂದದ್ದು ಕಲಬುರಗಿಯ ತಾಯಿಯೊಬ್ಬರಿಂದ. ಒಂಬತ್ತು ವರ್ಷದ ಮಗನಿಗೆ ಥಲಸ್ಸೇಮಿಯಾ, ಅಂದರೆ ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ಕಾಯಿಲೆ. ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಗುರುವಾರ ಗಾಣಗಾಪುರಕ್ಕೆ ಹೋಗಿ, ಸಂಗಮದಲ್ಲಿ ಮಿಂದು, ನಿರ್ಗುಣ ಪಾದುಕೆಯ ದರ್ಶನ ಮಾಡಿ ಬಂದರೆ ಇವರಿಗೆ ಮುಂದಿನ ವಾರ ನೂಕುವ ಧೈರ್ಯ ಬರುತ್ತದೆ. ಗಂಡ ಮಾತ್ರ ‘ಎಲ್ಲಾ ಸುಳ್ಳು, ರೊಕ್ಕ ದಂಡ’ ಅನ್ನುತ್ತಾರೆ. ಹೋಗುವುದನ್ನು ಬಿಡಲೇ ಅಂತ ಕೇಳಿದ್ದಾರೆ.

ಬಿಡಬೇಡಿ. ವರ್ಷಗಟ್ಟಲೆ ಆಸ್ಪತ್ರೆ ಓಡಾಡುವ ತಾಯಿಗೆ ಅಳಲು ಒಂದು ಜಾಗ ಬೇಕು.

ಆದರೆ ಪತ್ರದ ಕೊನೆಗೆ ಸುಮ್ನೆ ಒಂದು ಸಾಲು ಸೇರಿಸಿದ್ದೀರಿ: ‘ನಾದಿನಿ ಹೇಳಿದ್ದಕ್ಕೆ ಐದು ಗುರುವಾರದ ಹರಕೆ ಮುಗಿಯೋ ತನಕ ಗುಳಿಗೆ ನಿಲ್ಲಿಸಿದ್ದೇವೆ, ರಕ್ತ ಹಾಕಿಸ್ತಾ ಇದ್ದೇವೆ.’ ನನ್ನ ನಿದ್ದೆ ಕೆಡಿಸಿದ್ದು ಇದೇ ಸಾಲು. ಹಾಕಿಸುವ ಒಂದೊಂದು ಚೀಲ ರಕ್ತದಲ್ಲೂ ಸುಮಾರು 200 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಅದನ್ನು ಹೊರಹಾಕುವ ದಾರಿ ಮೈಗೆ ಗೊತ್ತಿಲ್ಲ. ಯಕೃತ್ತಿನಲ್ಲಿ, ಹೃದಯದಲ್ಲಿ ಹೋಗಿ ಕೂರುತ್ತದೆ. ಅದನ್ನು ಇಳಿಸುವುದೇ ಆ ಗುಳಿಗೆ. ಬಿಟ್ಟ ಮರುದಿನ ಏನೂ ಕಾಣುವುದಿಲ್ಲ, ಹುಡುಗ ಆಡಿಕೊಂಡೇ ಇರುತ್ತಾನೆ. ಮೋಸ ಇರುವುದೇ ಅಲ್ಲಿ.

ಗುಳಿಗೆ ಕೊಟ್ಟರೆ ಅರ್ಧ ನಂಬಿಕೆ ಅಂದರಂತೆ ನಾದಿನಿ. ಅವರ ಮಕ್ಕಳಿಗೆ ಜ್ವರ ಬಂದಾಗ ಏನು ಮಾಡುತ್ತಾರೆ, ಕೇಳಿ ನೋಡಿ. ನಿಮ್ಮ ತವರಿನ ಹಳೇ ಹರಕೆ ತಪ್ಪಿದ್ದಕ್ಕೆ ಹೀಗಾಯಿತು ಅಂತ ಅವರು ಅನ್ನುವುದಂತೂ ಶುದ್ಧ ಕಿಡಿಗೇಡಿತನ. ಈ ಕಾಯಿಲೆ ಬರುವುದು ತಂದೆ ತಾಯಿ ಇಬ್ಬರ ಕಡೆಯಿಂದಲೂ. ಇಬ್ಬರೂ ಆರೋಗ್ಯವಾಗಿಯೇ ಕಾಣುತ್ತಾರೆ, ಇಬ್ಬರಲ್ಲೂ ಅದರ ಅಂಶ ಇರುತ್ತದೆ. ಅಂಥವರಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಅಂದರೆ ಅರ್ಧ ನಾದಿನಿಯ ಮನೆತನದ್ದೂ ಹೌದಲ್ವಾ?

ಇನ್ನು ನಿಮ್ಮ ಯಜಮಾನರು. ದೇವರೆಂದರೆ ಸುಳ್ಳು ಅನ್ನುವವರು ತಮ್ಮ ಒಡಹುಟ್ಟಿದವಳು ಗುಳಿಗೆ ನಿಲ್ಲಿಸಿದಾಗ ಯಾಕೆ ಬಾಯಿ ಬಿಡಲಿಲ್ಲ? ಅವರ ಬಗ್ಗೆ ನನಗೆ ಕನಿಕರ ಕಮ್ಮಿ.

ಹರಕೆ ದೊಡ್ಡವರದು, ಮಗುವಿನ ಮೈಮೇಲೆ ತೀರಿಸಬಾರದು. ಇದನ್ನು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ! ಉಪವಾಸ ನೀವು ಮಾಡಿ, ಉರುಳು ಸೇವೆ ನೀವು ಮಾಡಿ.

ನೀವು ಮಾಡಬೇಕಾದ್ದು ಒಂದೇ. ಮುಂದಿನ ರಕ್ತದ ದಿನದ ತನಕ ಕಾಯದೆ ನಾಳೆಯೇ ಮಗನ ಡಾಕ್ಟರ ಹತ್ತಿರ ಹೋಗಿ. ಎಷ್ಟು ದಿನದಿಂದ ಗುಳಿಗೆ ಬಿಟ್ಟಿದ್ದೀರಿ ಅಂತ ಮುಚ್ಚಿಡದೆ ಹೇಳಿ. ಬೈದರೆ ಬೈಸಿಕೊಳ್ಳಿ. ಮೈಯಲ್ಲಿ ಕಬ್ಬಿಣ ಎಷ್ಟು ಕೂತಿದೆ ಅಂತ ತಿಳಿಸುವ ಫೆರಿಟಿನ್ ಪರೀಕ್ಷೆ ಬೇಕೇ ಕೇಳಿ, ಅವರು ಹೇಳಿದ ಅಳತೆಯಲ್ಲೇ ಮತ್ತೆ ಶುರು ಮಾಡಿ. ಯಜಮಾನರನ್ನೂ ಕರೆದುಕೊಂಡು ಹೋಗಿ.