ಓದುಗರ ಪ್ರಶ್ನೆ: ಅಪ್ಪ ಸರಿಯೋ, ಅಣ್ಣ ಸರಿಯೋ?

ಪ್ರಶ್ನೆ: ಸೆಕೆಂಡ್ ಪಿಯುಸಿ ಸೈನ್ಸ್ ಮುಗಿಸಿದ್ದೇನೆ. ಕಂಪ್ಯೂಟರ್ ಸೈನ್ಸ್ ತಗೊಳ್ಳಲಾ, ಕಂಪ್ಯೂಟರ್ ಎಂಜಿನಿಯರಿಂಗ್ ತಗೊಳ್ಳಲಾ? ಅಪ್ಪ ಎರಡೂ ಒಂದೇ ಅನ್ನುತ್ತಾರೆ, ಅಣ್ಣ ಬೇರೆ ಬೇರೆ ಅನ್ನುತ್ತಾನೆ.
ಓದುಗಿ, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಇಬ್ಬರೂ ಅರ್ಧರ್ಧ ಸರಿ. ತೊಗರಿ ಸೀಸನ್‌ನಲ್ಲಿ ಕಲಬುರಗಿ ಎಪಿಎಂಸಿಗೆ ಹೋಗಿದ್ದೀರಾ? ಚೀಲ ತಕ್ಕಡಿ ಮೇಲೆ ಬಿದ್ದ ಕೂಡಲೇ ಕೆಂಪು ಅಂಕಿ ಮೇಲೆ ಕೆಳಗೆ ಕುಣಿದು 50.2 ಅಂತ ನಿಲ್ಲುತ್ತದಲ್ಲ, ಆಗ ತಟ್ಟೆ ಕೆಳಗಿನ ಲೋಹದ ತುಂಡು ಕಣ್ಣಿಗೆ ಕಾಣದಷ್ಟು ಬಾಗಿರುತ್ತದೆ, ಅದಕ್ಕೆ ಅಂಟಿಸಿದ ತೆಳು ತಂತಿಯ ರೆಸಿಸ್ಟೆನ್ಸ್ ಚೂರು ಬದಲಾಗುತ್ತದೆ, ಆ ಚೂರನ್ನು ಒಂದು ಚಿಪ್ ಅಂಕಿ ಮಾಡುತ್ತದೆ. ಈ ಚಿಪ್ಪು, ಬೋರ್ಡು, ಅದರೊಳಗೆ ಕೂತ ಸಣ್ಣ ಪ್ರೋಗ್ರಾಂ, ನಮ್ಮ 42 ಡಿಗ್ರಿ ಬಿಸಿಲಲ್ಲೂ ತೂಕ ತಪ್ಪದಂತೆ ನೋಡಿಕೊಳ್ಳುವ ತಲೆನೋವು, ಎಲ್ಲ ಕಂಪ್ಯೂಟರ್ ಎಂಜಿನಿಯರಿಂಗ್.

ತೂಕ ಆದ ಮೇಲಿನದು ಬೇರೆ ಕಥೆ. ಯಾವ ರೈತನ ಲಾಟು, ಏನು ದರ, ಇಬ್ಬರು ಖರೀದಿದಾರರು ಒಂದೇ ಹೊತ್ತಿಗೆ ಬಟನ್ ಒತ್ತಿದರೆ ಲೆಕ್ಕ ಕಲಸಿಹೋಗದಂತೆ ಹೇಗೆ ತಡೆಯುವುದು? ಅದು ಕಂಪ್ಯೂಟರ್ ಸೈನ್ಸ್. ಅಲ್ಗಾರಿದಂ, ಡೇಟಾಬೇಸ್, ಆಪರೇಟಿಂಗ್ ಸಿಸ್ಟಂ.

ಆದರೆ ಇಲ್ಲಿನ ಕಾಲೇಜುಗಳಲ್ಲಿ ಹೆಚ್ಚಾಗಿ ಸಿಗುವುದು 'ಕಂಪ್ಯೂಟರ್ ಸೈನ್ಸ್ ಅಂಡ್ ಎಂಜಿನಿಯರಿಂಗ್', ಅಂದರೆ ಸಿಎಸ್‌ಇ. ಎರಡರ ಖಿಚಡಿ, ಸೈನ್ಸ್ ಪಾಲು ಜಾಸ್ತಿ. ಅಪ್ಪ ಗೆಲ್ಲುವುದು ಇಲ್ಲೇ. ಹಾರ್ಡ್‌ವೇರ್ ಹುಚ್ಚಿದ್ದರೆ ಸುಮ್ನೆ 'ಕಂಪ್ಯೂಟರ್ ಎಂಜಿನಿಯರಿಂಗ್' ಅನ್ನೋ ಹೆಸರಿನ ಬ್ರಾಂಚ್ ಹುಡುಕುತ್ತಾ ಕೂರಬೇಡಿ, ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಹತ್ತಿರದ ದಾರಿ. ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜು-ಬ್ರಾಂಚ್ ಪಟ್ಟಿ ಕೊಡುವುದಕ್ಕೆ ಮೊದಲು, ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಸೈಟಲ್ಲಿ ಎರಡೂ ಬ್ರಾಂಚಿನ ಮೂರನೇ ಸೆಮಿಸ್ಟರ್ ಸಿಲಬಸ್ ತೆಗೆದು ಪಕ್ಕಪಕ್ಕ ಇಟ್ಟು ಓದಿ. ಯಾವುದನ್ನು ಓದುವಾಗ ಆಕಳಿಕೆ ಬರಲಿಲ್ಲವೋ ಅದನ್ನು ಹಾಕಿ. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಸರ್ಟಿಫಿಕೇಟ್ ಮಾಡಿಸಿದ್ದೀರಿ ಅಲ್ವಾ? ನಮ್ಮ ಭಾಗದ ಕಾಲೇಜುಗಳಲ್ಲಿ 70% ಸೀಟು ಸ್ಥಳೀಯರಿಗೆ, ರಾಜ್ಯದ ಉಳಿದ ಕಡೆ 8%. ಕೊನೆ ದಿನ ಅದಕ್ಕಾಗಿ ಓಡಬೇಡಿ.

ಪ್ರಶ್ನೆ: ಗಣಿತ ನನಗೆ ಅಷ್ಟಕ್ಕಷ್ಟೇ. ಸಿಎಸ್ ತಗೊಂಡರೆ ತಪ್ಪಿಸಿಕೊಳ್ಳಬಹುದಾ?
ಓದುಗ, ಬೀದರ್

ಉತ್ತರ: ಇಲ್ಲ. ಎಲೆಕ್ಟ್ರಾನಿಕ್ಸ್ ಕಡೆ ಹೋದರೆ ಫೋರಿಯರ್, ಲಾಪ್ಲಾಸ್ ಎಂಬ ಗಣಿತಜ್ಞರ ಇಂಟಿಗ್ರೇಷನ್ ಲೆಕ್ಕಗಳು ಕಾಯುತ್ತಿರುತ್ತವೆ. ಸಿಎಸ್‌ನಲ್ಲಿ ಲಾಜಿಕ್, ಗ್ರಾಫ್, ಪ್ರಾಬಬಿಲಿಟಿ. ಇಂಟಿಗ್ರೇಷನ್ ಕಂಡರೆ ಹೆದರುವ ಕೆಲವರಿಗೆ ಈ ಎರಡನೇ ಗಣಿತ ಒಗ್ಗುತ್ತದೆ, ಅದೂ ನಿಜ. ಲಾಜಿಕ್, ಗ್ರಾಫ್ ಇರುವ ಒಂದು ಡಿಸ್ಕ್ರೀಟ್ ಮ್ಯಾಥ್ಸ್ ಪುಸ್ತಕ ಎರವಲು ತಂದು ಮೊದಲ ಅಧ್ಯಾಯದ ಹತ್ತು ಲೆಕ್ಕ ಮಾಡಿ ನೋಡಿ, ಆಮೇಲೆ ಮತ್ತೆ ಬರೆಯಿರಿ.