ಎಂಟನೇ ತರಗತಿಯ ಮೊದಲ ತಿಂಗಳು: ಮಗಳು ಶಾಲಾ ಚುನಾವಣೆಗೆ ನಿಲ್ಲಲಿ

ನೀವು ಕೇಳಿರುವುದು ಇಷ್ಟು: ಮಗಳು ಊರಿನ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿ ಹೋಬಳಿ ಕೇಂದ್ರದ ಸರ್ಕಾರಿ ಪ್ರೌಢಶಾಲೆಗೆ ಸೇರಿದ್ದಾಳೆ. ಶಾಲೆ ತೆರೆದು ವಾರಗಳಾದರೂ ಹೊಸ ಪಾಠ ಶುರುವಾಗಿಲ್ಲ ಎನ್ನುತ್ತಾಳೆ. ಮೇಲಾಗಿ ಈಗ ಶಾಲಾ ಸಂಸತ್ತಿನ ಚುನಾವಣೆಗೆ ನಿಲ್ಲುತ್ತೇನೆಂದು ಹಟ ಹಿಡಿದಿದ್ದಾಳೆ. ಇದರಿಂದ ಓದು ಕೆಡುವುದಿಲ್ಲವೇ, ಬೇಡ ಎನ್ನಲೇ ಎಂದು ನಿಮ್ಮ ಚಿಂತೆ.

ಬೇಡ ಎನ್ನಬೇಡಿ, ನಿಲ್ಲಲಿ. ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವವಳು ನಾನು. ಶಾಲಾ ಸಂಸತ್ತಿನ ಹೊಣೆ ಸಾಮಾನ್ಯವಾಗಿ ನಮ್ಮ ವಿಷಯದವರ ತಲೆಗೇ ಬರುವುದರಿಂದ ಪ್ರತಿ ಜೂನ್‌ನಲ್ಲಿ ಇಂತಹ ಪ್ರಶ್ನೆಯನ್ನು ಪೋಷಕರ ಬಾಯಲ್ಲಿ ಕೇಳುತ್ತಲೇ ಇರುತ್ತೇನೆ. ಹೆಣ್ಣುಮಕ್ಕಳ ತಂದೆಯರು ಕೇಳುವುದೇ ಹೆಚ್ಚು.

ಮೊದಲು 'ಪಾಠ ಶುರುವಾಗಿಲ್ಲ' ಎಂಬ ಮಾತಿಗೆ ಬರುತ್ತೇನೆ. ಶಾಲೆ ತೆರೆದ ಮೊದಲ ವಾರಗಳಲ್ಲಿ ನಡೆಯುವುದು ಸೇತುಬಂಧ. ಎಷ್ಟು ದಿನ ಎಂಬುದು ಆಯಾ ವರ್ಷದ ಸುತ್ತೋಲೆಯನ್ನು ನೋಡಿಕೊಂಡು ಹೆಚ್ಚು ಕಡಿಮೆ ಆಗುತ್ತದೆ. ಹಿಂದಿನ ತರಗತಿಗಳಲ್ಲಿ ಕಲಿತಿರಬೇಕಾದದ್ದನ್ನು ಮಗು ಕಲಿತಿದೆಯೇ ಎಂದು ಮೊದಲು ಒಂದು ಪರೀಕ್ಷೆ ಇಟ್ಟು ನೋಡುತ್ತೇವೆ. ಎಲ್ಲಿ ತೊಡಕಿದೆಯೋ ಅದನ್ನೇ ಮತ್ತೆ ಕಲಿಸಿ, ಕೊನೆಗೆ ಎಷ್ಟು ಕಲಿತರೆಂದು ನೋಡಲು ಸಾಫಲ್ಯ ಪರೀಕ್ಷೆ ನಡೆಸುತ್ತೇವೆ. ಹೊಸ ಪುಸ್ತಕದ ಮೊದಲ ಪಾಠ ತೆರೆಯುವುದು ಆಮೇಲೆ. ಅರ್ಧಕ್ಕೆ ಮೂರನೇ ಒಂದು ಸೇರಿಸಿದರೆ ಎಷ್ಟು ಎಂದು ಕೇಳಿದಾಗ, ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಐದನೇ ಎರಡು ಎಂದು ಬರೆಯುವ ಮಕ್ಕಳು ಪ್ರತಿ ವರ್ಷವೂ ಇರುತ್ತಾರೆ. ಅರ್ಧಕ್ಕೆ ಏನನ್ನೋ ಸೇರಿಸಿದ ಮೇಲೆ ಉತ್ತರ ಅರ್ಧಕ್ಕಿಂತ ಕಡಿಮೆಯಾಗಲು ಹೇಗೆ ಸಾಧ್ಯ ಎಂಬುದು ಅವರಿಗೆ ಹೊಳೆದಿರುವುದಿಲ್ಲ. ಅಂಥ ಮಗುವಿನ ಮುಂದೆ ಬೀಜಗಣಿತ ತೆರೆದಿಟ್ಟರೆ ಏನು ಫಲ? ಭಿನ್ನರಾಶಿಯಲ್ಲಿ ಮುಗ್ಗರಿಸಿದವರು ಗಣಿತಕ್ಕೇ ಹೆದರಿ ಹತ್ತನೇ ತರಗತಿಯವರೆಗೂ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುವುದನ್ನು ಕಂಡಿದ್ದೇನೆ.

ಆದ್ದರಿಂದ ದಯವಿಟ್ಟು ಸೇತುಬಂಧದ ಪರೀಕ್ಷೆಗೆಂದು ಮನೆಯಲ್ಲಿ ಉತ್ತರ ಬಾಯಿಪಾಠ ಮಾಡಿಸಬೇಡಿ. ಬಾರದ್ದು ಬಾರದೆಂದೇ ಹಾಳೆಯ ಮೇಲೆ ಕಾಣಲಿ. ಆಗಲೇ ನಮಗೆ ಎಲ್ಲಿಂದ ಹಿಡಿಯಬೇಕೆಂದು ತಿಳಿಯುವುದು. ಈ ಪರೀಕ್ಷೆಯಿಂದ ಯಾರೂ ನಪಾಸಾಗುವುದಿಲ್ಲ.

ಇನ್ನು ಚುನಾವಣೆ.

ನಿಮ್ಮ ಮಗಳು ಬಂದಿರುವುದು ಒಂದೆರಡು ಕೊಠಡಿಗಳ, ಎಲ್ಲರಿಗೂ ಎಲ್ಲರ ಮನೆ ಗೊತ್ತಿರುವ ಶಾಲೆಯಿಂದ ಎಂದು ನಿಮ್ಮ ಬರಹದಿಂದ ತಿಳಿಯುತ್ತದೆ. ಅಲ್ಲಿ ಒಬ್ಬರೇ ಮೇಷ್ಟ್ರು ಕನ್ನಡವನ್ನೂ ಹೇಳಿಕೊಟ್ಟಿರುತ್ತಾರೆ, ಗಣಿತವನ್ನೂ ಹೇಳಿಕೊಟ್ಟಿರುತ್ತಾರೆ. ಇಲ್ಲಿ ಗಂಟೆ ಹೊಡೆದಾಗಲೆಲ್ಲ ಹೊಸ ಮುಖ ಒಳಗೆ ಬರುತ್ತದೆ. ಸುತ್ತಲಿನ ಹಳ್ಳಿಗಳಿಂದ ಬಂದ ಮಕ್ಕಳು ಮೊದಲ ವಾರ ಊರಿಗೊಂದು ಬೆಂಚು ಹಿಡಿದು ಕುಳಿತಿರುತ್ತಾರೆ. ಊಟಕ್ಕೂ ಜೊತೆಯಾಗಿಯೇ ಹೋಗುತ್ತಾರೆ. ತಮ್ಮ ಊರಿನಿಂದ ಒಬ್ಬಳೇ ಬಂದವಳಿಗೆ ಆ ದಿನಗಳು ಬಹಳ ಕಠಿಣ. ಹಾಜರಿ ಕೂಗುವಾಗ ಅವಳ 'ಬಂದಿದ್ದೇನೆ ಮಿಸ್' ಎಂಬ ಮಾತು ನನ್ನ ಮೇಜಿನವರೆಗೆ ಬರುವುದಿಲ್ಲ. ಅಂಥದ್ದರಲ್ಲಿ ನಿಮ್ಮ ಮಗಳು ತಾನಾಗಿಯೇ ನಿಲ್ಲುತ್ತೇನೆ ಎಂದಿರುವುದು ನನಗಂತೂ ಸಂತೋಷದ ಸುದ್ದಿ.

ಶಾಲಾ ಸಂಸತ್ತಿನ ಚುನಾವಣೆ ಕಾಟಾಚಾರಕ್ಕೆ ನಡೆಯುವ ಶಾಲೆಗಳೂ ಇವೆ. ಅಲ್ಲಿ ಶಿಕ್ಷಕರು ಹೆಚ್ಚು ಅಂಕದವರ ಹೆಸರು ಓದಿ ಕೈ ಎತ್ತಿಸಿ ಮುಗಿಸುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಸರಿಯಾಗಿ ನಡೆಸಿದರೆ ಅದು ದೊಡ್ಡವರ ಚುನಾವಣೆಯ ಎಲ್ಲ ಮೆಟ್ಟಿಲುಗಳನ್ನೂ ಹತ್ತಿ ಇಳಿಯುತ್ತದೆ. ಮುಖ್ಯ ಶಿಕ್ಷಕರ ಸಹಿಯ ಅಧಿಸೂಚನೆ ಸೂಚನಾ ಫಲಕಕ್ಕೆ ಬೀಳುತ್ತದೆ. ನಾಮಪತ್ರಕ್ಕೆ ಸೂಚಕರ ಸಹಿ ಬೇಕು. ಪರಿಶೀಲನೆ, ಹಿಂಪಡೆಯಲು ಕೊನೆಯ ದಿನ, ಚಿಹ್ನೆ ಹಂಚಿಕೆ, ಪ್ರಚಾರಕ್ಕೆ ಗೊತ್ತಾದ ಸಮಯ ಎಲ್ಲವೂ ಇರುತ್ತವೆ. ಮತಗಟ್ಟೆ ಅಧಿಕಾರಿಗಳೂ ಮಕ್ಕಳೇ. ಒಬ್ಬಳು ಪಟ್ಟಿಯಲ್ಲಿ ಹೆಸರು ಹುಡುಕಿ ಗಟ್ಟಿಯಾಗಿ ಓದುತ್ತಾಳೆ, ಇನ್ನೊಬ್ಬ ಸಹಿ ಹಾಕಿಸಿಕೊಳ್ಳುತ್ತಾನೆ, ಮತ್ತೊಬ್ಬಳು ಎಡಗೈ ತೋರುಬೆರಳಿಗೆ ಗುರುತು ಹಾಕುತ್ತಾಳೆ. ನಮ್ಮಲ್ಲಿ ಮಾರ್ಕರ್ ಪೆನ್ನಿನ ಗುರುತು, ಸಂಜೆಯ ಹೊತ್ತಿಗೆ ಮಳೆಯಲ್ಲಿ ಅಳಿಸಿಹೋಗುತ್ತದೆ. ನಿಜವಾದ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲೇ, 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ಶುರುವಾದ ಕಾರ್ಖಾನೆಯಲ್ಲಿ, 1962ರ ಚುನಾವಣೆಯಿಂದ ದೇಶಕ್ಕೆಲ್ಲ ಅಲ್ಲಿಂದಲೇ ಹೋಗುತ್ತಿದೆ ಎಂದು ಹೇಳಿದರೆ ಮಕ್ಕಳು ತಮ್ಮ ಬೆರಳನ್ನೇ ಮತ್ತೊಮ್ಮೆ ನೋಡಿಕೊಳ್ಳುತ್ತಾರೆ. ಈಚೆಗೆ ಮತಯಂತ್ರದಂತೆಯೇ ಕೆಲಸ ಮಾಡುವ ಮೊಬೈಲ್ ಆ್ಯಪ್‌ಗಳೂ ಬಂದಿವೆ. ಆದರೆ ನನಗೆ ಮಡಚಿದ ಚೀಟಿಯೇ ಇಷ್ಟ. ಎಣಿಕೆ ಎಲ್ಲರ ಕಣ್ಣೆದುರು ನಡೆಯುತ್ತದೆ, ಅಸಿಂಧು ಮತ ಯಾವುದು ಎಂಬ ಬಗ್ಗೆ ಮಕ್ಕಳೇ ವಾದ ಮಾಡುತ್ತಾರೆ.

ಗೆದ್ದವರಲ್ಲಿ ಖಾತೆ ಹಂಚಿಕೆಯಾಗುತ್ತದೆ: ಆಹಾರ, ಆರೋಗ್ಯ, ಸ್ವಚ್ಛತೆ, ಗ್ರಂಥಾಲಯ, ಕ್ರೀಡೆ, ಸಾಂಸ್ಕೃತಿಕ. ಪ್ರಾರ್ಥನೆಯ ಹೊತ್ತಿನಲ್ಲಿ ಪ್ರಮಾಣವಚನ. ವಿರೋಧ ಪಕ್ಷದ ನಾಯಕರೂ ಇರುತ್ತಾರೆ, ಇರಲೇಬೇಕು. ಬಿಸಿಯೂಟದ ಸಾಲು ನೋಡಿಕೊಳ್ಳುವುದು, ಪುಸ್ತಕ ಕೊಟ್ಟು ಬರೆದಿಡುವುದು, ಕುಡಿಯುವ ನೀರಿನ ತೊಟ್ಟಿ ತೊಳೆದಿದೆಯೇ ಎಂದು ನೋಡುವುದು, ಇವೆಲ್ಲ ಅವರ ದಿನದ ಕೆಲಸ.

ನಮ್ಮಲ್ಲಿ ನಡೆದ ಒಂದು ಪ್ರಸಂಗ ಹೇಳುತ್ತೇನೆ. ಎಂಟನೇ ತರಗತಿಯ ಹುಡುಗಿ, ದೂರದ ಊರಿನವಳು, ಪ್ರಚಾರದ ದಿನ ಎದ್ದು ನಿಂತಳು. ಇತರ ಅಭ್ಯರ್ಥಿಗಳು ಆಗಲೇ ಹೊಸ ಚೆಂಡು, ಪ್ರವಾಸ, ಕಂಪ್ಯೂಟರ್ ಎಂದೆಲ್ಲ ಭರವಸೆ ಕೊಟ್ಟಿದ್ದರು. ಇವಳ ಕೈಯಲ್ಲಿ ನೋಟ್‌ಬುಕ್‌ನಿಂದ ಹರಿದ ಹಾಳೆ, ಅದರ ಅಂಚು ಬೆರಳ ಸಂದಿಯಲ್ಲಿ ಮುದುಡಿತ್ತು. ಓದಿದ್ದು ಮೂರೋ ನಾಲ್ಕೋ ಸಾಲು. 'ಮೊದಲ ಬಸ್ಸಿಗೆ ಬರುವವರು ಒಂಬತ್ತು ಗಂಟೆಗೇ ಇಳಿಯುತ್ತೇವೆ. ಕೊಠಡಿ ಬೀಗ ತೆಗೆಯುವವರೆಗೆ ಜಗಲಿಯ ಮೇಲೆ ಇರಚಲಿಗೆ ನೆನೆಯುತ್ತೇವೆ. ನಾನು ಗೆದ್ದರೆ ಒಂದು ಕೊಠಡಿಯ ಬೀಗ ಬೇಗ ತೆಗೆಸುತ್ತೇನೆ.' ಅಷ್ಟೇ ಹೇಳಿ ಕುಳಿತಳು. ಮೊದಲ ಬಸ್ಸಿನ ಮಕ್ಕಳೆಲ್ಲ ಊರು ನೋಡದೆ ಅವಳಿಗೆ ಮತ ಹಾಕಿದರು, ಗೆದ್ದಳು. ಸಂಸತ್ತಿನ ಮೊದಲ ಸಭೆಯಲ್ಲಿ ಅದೇ ವಿಷಯ ಎತ್ತಿದಳು. ಹತ್ತಿರದಲ್ಲೇ ಮನೆಯಿರುವ ಅಡುಗೆ ಸಿಬ್ಬಂದಿಯ ಬಳಿ ಒಂದು ಬೀಗದ ಕೈ ಇಡಬಹುದು ಎಂದು ಮುಖ್ಯ ಶಿಕ್ಷಕರು ಒಪ್ಪಿದರು. ನಾವು ಶಿಕ್ಷಕರು ಹತ್ತು ಗಂಟೆಯ ಹೊತ್ತಿಗೆ ಬರುವವರು. ಆ ಒಂದು ಗಂಟೆಯ ಮಳೆ ನಮ್ಮ ಕಣ್ಣಿಗೆ ಬೀಳುವಂಥದ್ದೇ ಆಗಿರಲಿಲ್ಲ. ಆ ವರ್ಷ ಪ್ರಜಾಪ್ರಭುತ್ವದ ಪಾಠಕ್ಕೆ ನಾನು ಬೇರೆ ಉದಾಹರಣೆ ಹುಡುಕಲಿಲ್ಲ.

ಓದು ಕೆಡುತ್ತದೆಯೇ? ಚುನಾವಣೆಗೆ ಹೋಗುವುದು ಕೆಲವು ಅವಧಿಗಳು ಮಾತ್ರ, ಅದೂ ಶಾಲೆಯ ಸಮಯದಲ್ಲೇ. ಪ್ರಗತಿ ಪತ್ರದಲ್ಲಿ ಸಹಪಠ್ಯ ಚಟುವಟಿಕೆಗಳಿಗೆ ಬೇರೆಯೇ ಭಾಗವಿದೆ, ಶ್ರೇಣಿಯೂ ಇದೆ. ಅದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದು. ಹತ್ತನೇ ತರಗತಿಗೆ ಬಂದ ಮೇಲೆ ವಿಶೇಷ ತರಗತಿ, ಗುಂಪು ಅಧ್ಯಯನ, ಪೂರ್ವಸಿದ್ಧತಾ ಪರೀಕ್ಷೆ ಎಂದು ಮಕ್ಕಳಿಗೆ ಉಸಿರಾಡಲೂ ಬಿಡುವು ಇರುವುದಿಲ್ಲ. ಆಗ ನೀವೇ ಬಿಟ್ಟರೂ ನಾವು ಬಿಡುವುದು ಕಷ್ಟ. ಅವಳಿಗೆ ಬಿಡುವಿರುವ ವರ್ಷ ಇದೇ. ಬೇಡ ಎಂದು ಒಮ್ಮೆ ಕುಳ್ಳಿರಿಸಿದ ಹುಡುಗಿಯನ್ನು ಮುಂದೆ ಎಬ್ಬಿಸುವುದು ಎಷ್ಟು ಕಷ್ಟ ಎಂಬುದು ಕಲಿಸುವವರಿಗೆ ಗೊತ್ತು. ಎಂಟರಲ್ಲಿ ಕೈ ಎತ್ತದವಳು ಹತ್ತರಲ್ಲಿ ಅರ್ಥವಾಗದ್ದನ್ನು ಕೇಳಲೂ ಕೈ ಎತ್ತುವುದಿಲ್ಲ, ಅದು ಅಂಕದಲ್ಲೇ ಕಾಣುತ್ತದೆ.

ಸೋತರೆ? ಒಂದು ದಿನ ಮುಖ ಸಪ್ಪಗಿರುತ್ತದೆ. ಮರುದಿನ ಅವಳನ್ನು ಯಾವುದಾದರೂ ಸಮಿತಿಗೆ ಸೇರಿಸಿಕೊಳ್ಳಲು ತರಗತಿ ಶಿಕ್ಷಕರಿಗೆ ಹೇಳಿ. ಮನೆಯಲ್ಲಿ ಮಾತ್ರ 'ನಾನು ಮೊದಲೇ ಹೇಳಿದ್ದೆ' ಎನ್ನಬೇಡಿ.

ಉಳಿದ ಚಟುವಟಿಕೆಗಳ ಬಗ್ಗೆಯೂ ಕೇಳಿದ್ದೀರಿ. ಪರಿಸರ ದಿನ, ಯೋಗ ದಿನಗಳು ಜೂನ್‌ನಲ್ಲೇ ಬರುತ್ತವೆ, ಅವು ಎಲ್ಲರಿಗೂ. ಇಕೋ ಕ್ಲಬ್, ವಿಜ್ಞಾನ ಸಂಘ, ಗೈಡ್ಸ್, ಸೇವಾದಳ, ಇವುಗಳಲ್ಲಿ ನಿಮ್ಮ ಶಾಲೆಯಲ್ಲಿ ಯಾವುದಕ್ಕೆ ಮನಸ್ಸಿಟ್ಟು ದುಡಿಯುವ ಶಿಕ್ಷಕರಿದ್ದಾರೋ ಅದನ್ನೇ ಆರಿಸಿ. ಸಂಘದ ಹೆಸರು ಮುಖ್ಯವಲ್ಲ, ನಡೆಸುವವರು ಮುಖ್ಯ. ಎರಡಕ್ಕಿಂತ ಹೆಚ್ಚು ಬೇಡ. ಹೊಸದೇನಾದರೂ ಮಾಡುವ ಆಸೆ ಅವಳಿಗಿದ್ದರೆ ವಿಜ್ಞಾನ ಶಿಕ್ಷಕರ ಬಳಿ ಇನ್‌ಸ್ಪೈರ್ ಮಾನಕ್ ಎಂಬ ಕೇಂದ್ರ ಸರ್ಕಾರದ ಯೋಜನೆಯ ಬಗ್ಗೆ ಕೇಳಲಿ. ಮಕ್ಕಳ ಸ್ವಂತ ಆಲೋಚನೆಗಳನ್ನು ಶಾಲೆಯಿಂದ ಕಳಿಸುತ್ತಾರೆ, ಆಯ್ಕೆಯಾದರೆ ಮಾದರಿ ಮಾಡಲು 10,000 ರೂಪಾಯಿ ಬರುತ್ತದೆ. ಅಡಿಕೆ ಸುಲಿಯುವ ಮನೆಯ ಮಕ್ಕಳಿಗೆ ಆಲೋಚನೆಗಳಿಗೆ ಬರವಿಲ್ಲ. ಅವುಗಳನ್ನು ಬರೆದು ಕೊಡಬಹುದು ಎಂಬ ಧೈರ್ಯಕ್ಕೆ ಬರವಿದೆ.

ಪ್ರತಿಭಾ ಕಾರಂಜಿಗೆ ಕ್ಲಸ್ಟರ್ ಮಟ್ಟದಿಂದ ರಾಜ್ಯಮಟ್ಟದವರೆಗೆ ಮೆಟ್ಟಿಲುಗಳಿವೆ. ಅದಕ್ಕಾಗಿ ಬಾಡಿಗೆ ವೇಷಭೂಷಣಕ್ಕೆ ದುಡ್ಡು ಸುರಿಯಬೇಡಿ. ಆಶುಭಾಷಣ, ಚರ್ಚಾಸ್ಪರ್ಧೆ, ಪ್ರಬಂಧ, ಜಾನಪದ ಗೀತೆ, ಇವಕ್ಕೆ ಖರ್ಚಿಲ್ಲ. ಮನೆಯಲ್ಲಿ ಅಜ್ಜಿ ಇದ್ದರೆ ಅವರಿಗೆ ಬರುವ ಸೋಬಾನೆ ಪದವನ್ನು ಈಗಲೇ ಬರೆದುಕೊಂಡು ಕಲಿಯಲಿ. ಎಲ್ಲ ಶಾಲೆಯವರೂ ಮೊಬೈಲಿನಿಂದ ಕಲಿತ ಅದೇ ಎರಡು ಹಾಡು ಹಾಡುವಾಗ, ಅಜ್ಜಿಯ ಪದ ಕೇಳಿದರೆ ತೀರ್ಪುಗಾರರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತುತ್ತಾರೆ.

ಆಟದ ವಿಚಾರದಲ್ಲಿ ಒಂದೇ ತೊಡಕು ಬಸ್ಸು. ಖೋ ಖೋ, ಕಬಡ್ಡಿ, ಥ್ರೋಬಾಲ್ ಅಭ್ಯಾಸ ಶಾಲೆ ಬಿಟ್ಟ ಮೇಲೆ ನಡೆಯುತ್ತದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣ ಇಲ್ಲ ನಿಜ. ಆದರೆ ನಮ್ಮ ಕಡೆ ಹಲವು ಮಾರ್ಗಗಳಲ್ಲಿ ಓಡುವುದು ಖಾಸಗಿ ಬಸ್ಸುಗಳೇ, ಅವುಗಳಲ್ಲಿ ಶಕ್ತಿ ನಡೆಯುವುದಿಲ್ಲ. ಸಂಜೆಯ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ದೈಹಿಕ ಶಿಕ್ಷಕರಿಗೆ ನೀವೇ ಹೋಗಿ ಹೇಳಿ. ಅಭ್ಯಾಸವನ್ನು ಬೆಳಿಗ್ಗೆಗೆ ಬದಲಾಯಿಸಿಕೊಟ್ಟವರಿದ್ದಾರೆ. ಹೇಳದೆ ಹೋದರೆ ಹುಡುಗಿಗೆ ಆಸಕ್ತಿ ಇಲ್ಲ ಎಂದುಕೊಂಡು ಸುಮ್ಮನಾಗುತ್ತಾರೆ.

ಮಳೆಗಾಲಕ್ಕೆ ಚೀಲದಲ್ಲಿ ಒಂದು ಜೊತೆ ಒಣ ಬಟ್ಟೆ, ಪುಸ್ತಕಕ್ಕೆ ದಪ್ಪ ಪ್ಲಾಸ್ಟಿಕ್ ಕವರ್ ಇರಲಿ. ಜಿಲ್ಲಾಡಳಿತ ಮಳೆ ರಜೆ ಕೊಟ್ಟರೆ ಆ ದಿನಗಳನ್ನು ಮುಂದೆ ಶನಿವಾರ ಮಧ್ಯಾಹ್ನವೋ ಭಾನುವಾರವೋ ತುಂಬಿಸಿಕೊಳ್ಳುತ್ತೇವೆ, ಆ ದಿನಗಳಲ್ಲಿ ತಪ್ಪಿಸದೆ ಕಳಿಸಿ. ಹೆಣ್ಣುಮಕ್ಕಳ ಮುಟ್ಟಿನ ದಿನಗಳ ಬಗ್ಗೆ ಅವಳ ತಾಯಿ ಒಮ್ಮೆ ಶಿಕ್ಷಕಿಯರೊಬ್ಬರ ಬಳಿ ಮಾತಾಡಿಟ್ಟರೆ ಅವಳಿಗೆ ಎಷ್ಟೋ ನಿರಾಳ.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತು. ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ ಬರೆಯಲು ಅವಕಾಶ ಇರುವುದು ಎಂಟನೇ ತರಗತಿಯಲ್ಲಿ ಮಾತ್ರ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳಿಗೆ, ಮನೆಯ ವಾರ್ಷಿಕ ಆದಾಯ 3.5 ಲಕ್ಷ ಮೀರದಿದ್ದರೆ ಅವಕಾಶ. ಏಳನೇ ತರಗತಿಯಲ್ಲಿ ಶೇಕಡಾ 55 ಬಂದಿರಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ 50 ಸಾಕು. ಆಯ್ಕೆಯಾದರೆ ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಪರೀಕ್ಷೆಯಲ್ಲಿ ಬೌದ್ಧಿಕ ಸಾಮರ್ಥ್ಯದ 90 ಪ್ರಶ್ನೆ, ಶಾಲೆಯ ಪಾಠ ವಿಷಯಗಳ 90 ಪ್ರಶ್ನೆ. ಅರ್ಜಿ ಹೋಗುವುದು ಶಾಲೆಯ ಮೂಲಕ. ಆದಾಯ ಪ್ರಮಾಣಪತ್ರಕ್ಕೆ ಈ ವಾರವೇ ನಾಡಕಚೇರಿಗೆ ಹೋಗಿ ಅರ್ಜಿ ಹಾಕಿ, ಆಧಾರ್‌ನಲ್ಲೂ ವರ್ಗಾವಣೆ ಪತ್ರದಲ್ಲೂ ಅವಳ ಹೆಸರಿನ ಅಕ್ಷರಗಳು ಒಂದೇ ರೀತಿ ಇವೆಯೇ ಎಂದು ನೋಡಿಕೊಳ್ಳಿ. ಜಾಣ ಮಕ್ಕಳ ಹಣ ಎಷ್ಟೋ ಬಾರಿ ಸಿಕ್ಕಿಬೀಳುವುದು ಆ ಒಂದಕ್ಷರದಲ್ಲಿ.