82ರ ಅಪ್ಪನಿಗೆ ಆಂಜಿಯೋಗ್ರಾಂ ಬೇಕಾ?

ಪ್ರಶ್ನೆ: ತವರು ಸಕಲೇಶಪುರದ ಹತ್ತಿರ, ಅಪ್ಪನಿಗೆ 82. ಹೋದ ತಿಂಗಳು ಏದುಸಿರು ಬಂದು ಮೈಯೆಲ್ಲ ಬೆವರಿತು, ಎದೆನೋವು ಇರಲಿಲ್ಲ. ಹಾಸನದಲ್ಲಿ ‘ಎನ್‌ಸ್ಟೆಮಿ, ಸಣ್ಣ ಹಾರ್ಟ್ ಅಟ್ಯಾಕ್, ಆಂಜಿಯೋಗ್ರಾಂ ಮಾಡಿಸಿ’ ಎಂದರು. ಅಣ್ಣ ‘ಈ ವಯಸ್ಸಲ್ಲಿ ಯಾಕೆ ಹಿಂಸೆ, ಮಾತ್ರೆ ಸಾಕು’ ಅಂತ ಮನೆಗೆ ಕರ್ಕೊಂಡು ಬಂದ. ಅಣ್ಣನಿಗೆ ದುಡ್ಡಿನ ಆಸೆ ಅನ್ನಿಸಿ ಅವನ ಜೊತೆ ಮಾತು ಬಿಟ್ಟಿದ್ದೇನೆ.

ಉತ್ತರ: ಮೊದಲು ಅಣ್ಣನಿಗೆ ಫೋನ್ ಮಾಡಿ. ಅವರ ಮನಸ್ಸಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ, ಆದರೆ ಹೇಳಿದ ಮಾತು ಅಷ್ಟೇನೂ ತಪ್ಪಲ್ಲ. ಬ್ರಿಟನ್ನಿನಲ್ಲಿ ಇದೇ ಥರದ, ಅಂದರೆ ಸಾಮಾನ್ಯವಾಗಿ ರಕ್ತನಾಳ ಪೂರ್ತಿ ಮುಚ್ಚಿರದ ಅಟ್ಯಾಕ್ ಆದ, 75 ದಾಟಿದ 1,518 ಜನರನ್ನು ಸುಮಾರು ನಾಲ್ಕು ವರ್ಷ ಗಮನಿಸಿದರು. ಒಂದು ಗುಂಪಿಗೆ ಬರೀ ಮಾತ್ರೆ. ಇನ್ನೊಂದಕ್ಕೆ ಮಾತ್ರೆ ಜೊತೆ ಆಂಜಿಯೋಗ್ರಾಂ (ಸಣ್ಣ ಕೊಳವೆಯಿಂದ ಡೈ ಹಾಕಿ ಹೃದಯದ ರಕ್ತನಾಳ ನೋಡುವ ಪರೀಕ್ಷೆ), ಬೇಕಾದವರಿಗೆ ಸ್ಟೆಂಟ್ (ರಕ್ತನಾಳ ತೆರೆದಿಡುವ ಪುಟ್ಟ ಜಾಲರಿ). 2024ರಲ್ಲಿ ಬಂದ ಫಲಿತಾಂಶ ನೋಡಿದರೆ, ಹೃದಯದ ಕಾಯಿಲೆಯಿಂದ ಸತ್ತವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಮತ್ತೆ ಅಟ್ಯಾಕ್ ಆದವರು ಮಾತ್ರ ಮೊದಲ ಗುಂಪಲ್ಲಿ ನೂರಕ್ಕೆ 15, ಎರಡನೆಯದರಲ್ಲಿ 12ರ ಹತ್ತಿರ. ಆಂಜಿಯೋಗ್ರಾಂನಿಂದಲೇ ತೊಂದರೆಯಾದವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಹಾಗಾಗಿ ‘ವಯಸ್ಸಾಯ್ತು, ಬೇಡ’ ಅನ್ನೋದೂ ಪೂರ್ತಿ ಸರಿಯಲ್ಲ.

ನಿಮ್ಮ ಪತ್ರದಲ್ಲಿ ಅಣ್ಣ ಇದ್ದಾರೆ, ಡಾಕ್ಟರು ಇದ್ದಾರೆ. ಅಪ್ಪ ಏನಂದರು? ಒಂದು ಸಾಲೂ ಇಲ್ಲ! ಇನ್ನೂ ತೋಟಕ್ಕೆ ಹೋಗಿ ಮೆಣಸು ಕೊಯ್ಯುವವರ ಮೇಲೆ ಜೋರು ಮಾಡುವ ಅಪ್ಪನಾ, ಮಂಚ ಬಿಟ್ಟು ಏಳಲು ಆಗದವರಾ? ಮತ್ತೆ ಆಸ್ಪತ್ರೆ ಸೇರುವ ಭಯ ಜಾಸ್ತಿಯಾ, ಸೂಜಿ, ಕೊಳವೆಗಳ ಭಯ ಜಾಸ್ತಿಯಾ? ಅವರನ್ನೇ ಕೇಳಿ. ಆಮೇಲೆ ಮೂವರೂ ಡಾಕ್ಟರ ಹತ್ತಿರ ಹೋಗಿ. ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತಪರೀಕ್ಷೆ) ರಿಪೋರ್ಟ್ ತಗೊಂಡು ಹೋಗಿ, ಆಂಜಿಯೋಗ್ರಾಂಗೆ ಹಾಕುವ ಡೈ ಕಿಡ್ನಿಗೆ ಹೊರೆಯಾಗಬಹುದು. ರಕ್ತಸ್ರಾವ ಆಗಿದ್ದರೆ ಅದನ್ನೂ ಹೇಳಿ.

ಮಾತ್ರೆಯನ್ನಂತೂ ‘ಚೆನ್ನಾಗಿದ್ದಾರಲ್ಲ’ ಅಂತ ಯಾರೂ ನಿಲ್ಲಿಸಬೇಡಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆ ನಡುವೆ ಬಿಟ್ಟರೆ ಅಪಾಯ.

ಮತ್ತೆ ಏದುಸಿರು, ಬೆವರು, ವಿಪರೀತ ಸುಸ್ತು ಬಂದರೆ ಗ್ಯಾಸ್ ಅಂತ ಸೋಡಾ ಕುಡಿಸುತ್ತಾ ಕೂರಬೇಡಿ. ವಯಸ್ಸಾದವರಿಗೆ, ಶುಗರ್ ಇದ್ದವರಿಗೆ ಎದೆನೋವಿಲ್ಲದೆಯೇ ಅಟ್ಯಾಕ್ ಆಗಬಹುದು. 108ಕ್ಕೆ ಫೋನ್ ಮಾಡಿ, ಹತ್ತಿರದಲ್ಲೇ ಇಸಿಜಿ ಮಾಡಿಸಿ. ರಕ್ತನಾಳ ಪೂರ್ತಿ ಮುಚ್ಚಿರುವ ಅಟ್ಯಾಕ್ ಆದರೆ ಮೇಲಿನ ಲೆಕ್ಕ ಯಾವುದೂ ನಡೆಯಲ್ಲ, ಒಂದೊಂದು ನಿಮಿಷವೂ ಮುಖ್ಯ. ಆಗ ಸೀದಾ ಬೆಂಗಳೂರಿಗೆ ಕಾರು ತಿರುಗಿಸುವ ಯೋಚನೆ ಬೇಡ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ತಾಲ್ಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕಿನಲ್ಲಿ ಸಿಗುತ್ತಾ ಅಂತ ಈಗಲೇ ವಿಚಾರಿಸಿಡಿ. ಆ ಕೆಲಸ ಅಣ್ಣನಿಗೆ ಒಪ್ಪಿಸಿ, ಫೋನ್ ಮಾಡೋಕೆ ಒಂದು ನೆಪವೂ ಸಿಕ್ಕಿದಂತಾಯ್ತು.